ಲೋಹದ ಗಾಜು ನಮ್ಮ ಭಟ್ಟಿಯಲ್ಲಿ ಆಗುತ್ತದೆಯೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಪಂಪ್, ವಾಲ್ವ್ ಬಾಡಿಗಳನ್ನು ಎರಕ ಹೊಯ್ಯುತ್ತೇವೆ. ಗ್ರೇ ಐರನ್, ಎಸ್‌ಜಿ ಐರನ್ (ಗ್ರಾಫೈಟ್ ಗುಂಡಗಿರುವ ಬೀಡು ಕಬ್ಬಿಣ) ಎರಡೂ. ಮೆಕ್ಯಾನಿಕಲ್ ಓದುತ್ತಿರುವ ಮಗ ‘ಮೆಟಾಲಿಕ್ ಗ್ಲಾಸ್’ ಸ್ಟೀಲಿಗಿಂತ ಹಲವು ಪಟ್ಟು ಗಟ್ಟಿ, ಮುಂದಿನ ಕಾಲ ಅದರದ್ದೇ ಎನ್ನುತ್ತಾನೆ. ನಮ್ಮ ಇಂಡಕ್ಷನ್ ಭಟ್ಟಿಯಲ್ಲಿ ಅದನ್ನು ಕರಗಿಸಿ ಹೊಯ್ಯಬಹುದೇ? ಇನ್ನೊಂದು ಮಾತು: ನಮ್ಮ ಹಳೆಯ ಟ್ರಾನ್ಸ್‌ಫಾರ್ಮರ್ ಬದಲಿಸಬೇಕಾಗಿದೆ. ಅಮಾರ್ಫಸ್ ಕೋರ್‌ನದ್ದು ತಗೊಳ್ಳಿ ಎಂದು ಗುತ್ತಿಗೆದಾರ ಹೇಳುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಸಂಬಂಧ ಇದೆ, ಎರಡೂ ಒಂದೇ ಜಾತಿಯ ವಸ್ತು. ಭಟ್ಟಿಯಲ್ಲಿ ಹೊಯ್ಯುವ ವಿಚಾರವನ್ನು ಬಿಟ್ಟುಬಿಡಿ; ಟ್ರಾನ್ಸ್‌ಫಾರ್ಮರ್ ವಿಚಾರವನ್ನು ಮಾತ್ರ ಕೂತು ಲೆಕ್ಕ ಹಾಕಿ. ಓದುವ ಹುಡುಗರ ಕಣ್ಣಿಗೆ ಮೊದಲು ಬೀಳುವುದು ಈ ಲೋಹದ ಗಟ್ಟಿತನ. ಆದರೆ ಕಳೆದ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಅದು ಕೈಗಾರಿಕೆಯಲ್ಲಿ ಅನ್ನ ದುಡಿದದ್ದು ಗಟ್ಟಿತನದಿಂದಲ್ಲ, ತೆಳುವಿನಿಂದ. ಅದೇಕೆ ಎಂಬುದನ್ನು ನಿಮ್ಮ ಕಸುಬಿನ ದಾರಿಯಿಂದಲೇ ಹೇಳುತ್ತೇನೆ.

ಗ್ರೇ ಐರನ್ ಹೊಯ್ಯುವ ಮುಂಚೆ ನೀವು ವೆಜ್ ಟೆಸ್ಟ್ ಮಾಡುತ್ತೀರಿ. ಬೆಣೆಯಾಕಾರದ ಸಣ್ಣ ತುಂಡು ಹೊಯ್ದು, ಆರಿಸಿ, ಸುತ್ತಿಗೆಯಿಂದ ಮುರಿದು ನೋಡಿದರೆ ದಪ್ಪ ಭಾಗ ಬೂದು, ಚೂಪು ತುದಿ ಬಿಳಿ. ಚೂಪಾದ ಕಡೆ ಲೋಹ ಬೇಗ ಆರಿತು. ಇಂಗಾಲಕ್ಕೆ ಬೇರ್ಪಟ್ಟು ಗ್ರಾಫೈಟ್ ಆಗಲು ಪುರಸೊತ್ತು ಸಿಗದೆ ಕಾರ್ಬೈಡ್ ಆಗಿ ಉಳಿಯಿತು. ಒಂದೇ ಲ್ಯಾಡಲ್‌ನ ಲೋಹ, ಆರುವ ವೇಗ ಬೇರೆಯಾದ್ದರಿಂದ ಬೇರೆಯೇ ಗುಣ. ಬೇಕಾದ ಕಡೆ ಗಡಸು ಮೈ ಬರಲೆಂದು ಅಚ್ಚಿನಲ್ಲಿ ಚಿಲ್ (ಬಿಸಿ ಹೀರುವ ಲೋಹದ ತುಂಡು) ಇಡುವುದೂ ಇದೇ ಲೆಕ್ಕದ ಮೇಲೆ.

ಆದರೆ ಆ ಬಿಳಿ ತುದಿಯೂ ಹರಳುಗಳದ್ದೇ. ಇನ್ನೂ ಬೇಗ ಆರಿಸಿದರೆ? ಪರಮಾಣುಗಳಿಗೆ ಸಾಲು ಹಿಡಿದು ನಿಲ್ಲುವಷ್ಟೂ ವ್ಯವಧಾನ ಕೊಡದೆ ಬಿಸಿ ಕಿತ್ತುಕೊಂಡರೆ, ದ್ರವದಲ್ಲಿ ಹೇಗೆ ಚೆಲ್ಲಾಪಿಲ್ಲಿಯಾಗಿದ್ದವೋ ಹಾಗೆಯೇ ಗಟ್ಟಿಯಾಗಿಬಿಡುತ್ತವೆ. ಇದೇ ಲೋಹದ ಗಾಜು; ಅಮಾರ್ಫಸ್ ಎಂದರೂ ಇದೇ, ಹರಳಿಲ್ಲದ್ದು ಎಂದರ್ಥ. ಅದರ ಮೂಲಕ ಆಚೆ ಕಾಣುವುದಿಲ್ಲ. ನೋಡಲು ಪಾಲಿಶ್ ಹೊಡೆದ ಸ್ಟೀಲು. ಒಳಗಿನ ಜೋಡಣೆ ಮಾತ್ರ ಕಿಟಕಿಯ ಗಾಜಿನದು. ಗ್ರೇನ್ (ಹರಳಿನ ಕಾಳು) ಇಲ್ಲ, ಗ್ರೇನ್‌ಗಳ ನಡುವಿನ ಗಡಿಯೂ ಇಲ್ಲ. ಹೊಸ ಮಿಶ್ರಲೋಹ ಎಷ್ಟು ದಪ್ಪದವರೆಗೆ ಗಾಜಾಗಿ ಉಳಿಯುತ್ತದೆ ಎಂದು ಪರೀಕ್ಷಿಸಲು ಸಂಶೋಧಕರೂ ತಾಮ್ರದ ಅಚ್ಚಿನಲ್ಲಿ ಬೆಣೆಯನ್ನೇ ಹೊಯ್ದು ನೋಡುವುದುಂಟು. ನಿಮ್ಮ ಪರೀಕ್ಷೆಯೇ, ಅಚ್ಚು ಮಾತ್ರ ಬೇರೆ.

ಇದನ್ನು ಮೊದಲು ಮಾಡಿ ತೋರಿಸಿದ್ದು 1960ರಲ್ಲಿ, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪೋಲ್ ಡ್ಯುವೆಜ್ ಮತ್ತು ಸಂಗಡಿಗರು. ಚಿನ್ನ ಮತ್ತು ಸಿಲಿಕಾನ್‌ನ ಮಿಶ್ರಣ, ಸಣ್ಣದೊಂದು ಹನಿ. ಅದನ್ನು ತಣ್ಣನೆಯ ತಾಮ್ರದ ಮೇಲೆ ಅಪ್ಪಳಿಸಿ ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ಆಸುಪಾಸಿನ ವೇಗದಲ್ಲಿ ಆರಿಸಿದರು. ಆ ಜೋಡಿಯನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಿಲಿಕಾನ್ 1414ರಲ್ಲಿ. ಇವೆರಡರ ಯೂಟೆಕ್ಟಿಕ್, ಅಂದರೆ ಎಲ್ಲಕ್ಕಿಂತ ಕಡಿಮೆ ಉಷ್ಣತೆಗೆ ಕರಗುವ ಹದದ ಮಿಶ್ರಣ, ಕರಗುವುದು ಬರೀ 363ರಲ್ಲಿ! ಯೂಟೆಕ್ಟಿಕ್ ನಿಮಗೆ ಹೊಸತಲ್ಲ. ಶುದ್ಧ ಕಬ್ಬಿಣ 1538ಕ್ಕೆ ಕರಗಿದರೆ ಶೇ. 4.3 ಇಂಗಾಲ ಸೇರಿದ ಬೀಡು ಕಬ್ಬಿಣ 1150ರ ಹತ್ತಿರವೇ ಕರಗುತ್ತದೆ. ಫೌಂಡ್ರಿ ಎಂಬ ಉದ್ಯೋಗ ನಿಂತಿರುವುದೇ ಈ ಇಳಿತದ ಮೇಲೆ. ಇಳಿತ ಹೆಚ್ಚಾದಷ್ಟೂ ದ್ರವ ಕಡಿಮೆ ಉಷ್ಣತೆಯವರೆಗೂ ದ್ರವವಾಗಿಯೇ ಇರುತ್ತದೆ. ಅಷ್ಟು ಕೆಳಗೆ ಬರುವ ಹೊತ್ತಿಗೆ ಅದು ಮಂದವಾಗಿ, ಪರಮಾಣುಗಳು ಸರಿದಾಡಿ ಹರಳು ಕಟ್ಟುವುದೇ ಕಷ್ಟವಾಗಿರುತ್ತದೆ.

ಡ್ಯುವೆಜ್ ಅವರ ಗುಂಪೇ 1967ರಲ್ಲಿ ಕಬ್ಬಿಣ, ರಂಜಕ, ಇಂಗಾಲ ಮೂರನ್ನು ಕೂಡಿಸಿ ಕಾಂತಗುಣದ ಗಾಜು ಮಾಡಿತು. ಬಹುಪಾಲು ಪರಮಾಣು ಕಬ್ಬಿಣ, ಉಳಿದವು ರಂಜಕ, ಇಂಗಾಲ. ನಿಮ್ಮ ಲ್ಯಾಬ್ ವರದಿಯಲ್ಲಿ ರಂಜಕ ಸ್ವಲ್ಪ ಏರಿದರೂ ಗಿರಾಕಿ ಮಾಲು ವಾಪಸ್ ಕಳಿಸುತ್ತಾನೆ. ಇಲ್ಲಿ ಅದನ್ನು ಕೈಯಾರೆ ಸುರಿದಿದ್ದಾರೆ, ಹರಳಾಗುವುದನ್ನು ಕೆಡಿಸಲಿ ಎಂದೇ.

ಈಗ ದಪ್ಪದ ಲೆಕ್ಕ. ಈ ಕ್ಷೇತ್ರದಲ್ಲಿ ಒಂದು ಅಂದಾಜು ಸೂತ್ರವಿದೆ: 10ನ್ನು ದಪ್ಪದ (ಸೆಂಟಿಮೀಟರ್‌ನಲ್ಲಿ) ವರ್ಗದಿಂದ ಭಾಗಿಸಿದರೆ ಆ ತುಂಡಿನ ನಡುಭಾಗ ಸೆಕೆಂಡಿಗೆ ಎಷ್ಟು ಡಿಗ್ರಿ ಆರಬಲ್ಲದು ಎಂಬುದು ಸಿಗುತ್ತದೆ. ಅದೂ ತಾಮ್ರದ ಅಚ್ಚು ಇದ್ದಾಗ. ಒಂದು ಸೆಂ.ಮೀ. ದಪ್ಪಕ್ಕೆ ಸೆಕೆಂಡಿಗೆ 10 ಡಿಗ್ರಿ, ಒಂದು ಮಿ.ಮೀ.ಗೆ 1000. ಹತ್ತು ಲಕ್ಷ ಡಿಗ್ರಿ ಬೇಕೆಂದರೆ ದಪ್ಪ ಸುಮಾರು 30 ಮೈಕ್ರಾನ್ ಮೀರುವಂತಿಲ್ಲ. ನಿಮ್ಮ ಗ್ರೀನ್ ಸ್ಯಾಂಡ್ ಅಚ್ಚಿನಲ್ಲಿ ಒಂದಿಂಚು ದಪ್ಪದ ಗೋಡೆ ಸೆಕೆಂಡಿಗೆ ಒಂದೆರಡು ಡಿಗ್ರಿ ಆರಿದರೆ ಹೆಚ್ಚು. ಹೀಗಾಗಿ ಮೊದಲ ಎರಡು ದಶಕ ಲೋಹದ ಗಾಜು ಎಂದರೆ ಬಹುಮಟ್ಟಿಗೆ ಕಾಗದಕ್ಕಿಂತ ತೆಳ್ಳಗಿನ ಪಟ್ಟಿ, ಅಷ್ಟೇ.

ಆಮೇಲೆ ದಪ್ಪ ಬಂತು. 1980ರ ದಶಕದ ಕೊನೆಯಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಅಕಿಹಿಸಾ ಇನೊವೆ ಒಂದು ಹದ ಕಂಡುಕೊಂಡರು: ಕನಿಷ್ಠ ಮೂರು ಧಾತುಗಳಿರಲಿ, ಅವುಗಳ ಪರಮಾಣುಗಳ ಅಳತೆಯಲ್ಲಿ ಶೇ. 12ಕ್ಕಿಂತ ಹೆಚ್ಚು ವ್ಯತ್ಯಾಸವಿರಲಿ, ಒಂದಕ್ಕೊಂದು ಅಂಟಿಕೊಳ್ಳುವ ಗುಣವಿರಲಿ. ಬರೀ ಜೋಳವನ್ನು ಡಬ್ಬಿಗೆ ಸುರಿದು ಅಲುಗಿಸಿದರೆ ಕಾಳುಗಳು ಸಾಲುಸಾಲಾಗಿ ಕೂರುತ್ತವೆ; ಜೋಳ, ಕಡಲೆ, ಸಾಸಿವೆ ಕಲಸಿ ಸುರಿದರೆ ಸಾಲೂ ಇಲ್ಲ, ಸಂದೂ ಇಲ್ಲ. 1993ರಲ್ಲಿ ಕ್ಯಾಲ್ಟೆಕ್‌ನ ಪೀಕರ್ ಮತ್ತು ಜಾನ್ಸನ್ ಜಿರ್ಕೋನಿಯಂ, ಟೈಟೇನಿಯಂ, ತಾಮ್ರ, ನಿಕ್ಕಲ್, ಬೆರಿಲಿಯಂ ಐದನ್ನು ಸೇರಿಸಿ ವಿಟ್ರೆಲಾಯ್ ಮಾಡಿದರು. ಸೆಕೆಂಡಿಗೆ ಸುಮಾರು ಒಂದೇ ಡಿಗ್ರಿ ಆರಿಸಿದರೂ ಅದು ಗಾಜಾಗುತ್ತದೆ, ಕೆಲವು ಸೆಂ.ಮೀ. ದಪ್ಪಕ್ಕೆ ಬರುತ್ತದೆ. 1997ರಲ್ಲಿ ಇನೊವೆ ಗುಂಪು ಪಲ್ಲೇಡಿಯಂ ಮೂಲದ ಲೋಹದಲ್ಲಿ 72 ಮಿ.ಮೀ. ವ್ಯಾಸದ ದಿಂಡನ್ನೇ ತೆಗೆಯಿತು. ಪಲ್ಲೇಡಿಯಂ ಚಿನ್ನ ಪ್ಲಾಟಿನಂಗಳ ಸಾಲಿನ ಲೋಹ. ಅದರಲ್ಲಿ ಪಂಪ್ ಬಾಡಿ ಹೊಯ್ಯುವವರು ಯಾರೂ ಇಲ್ಲ.

‘ಸೆಕೆಂಡಿಗೆ ಒಂದು ಡಿಗ್ರಿ ನನ್ನ ಮರಳಿನ ಅಚ್ಚಿನಲ್ಲೂ ಸಿಗುತ್ತದಲ್ಲ’ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ತೊಡಕಿರುವುದು ಭಟ್ಟಿಯಲ್ಲಿ. ನಿಮ್ಮ ಇಂಡಕ್ಷನ್ ಭಟ್ಟಿಯ ಒಳಮೈ ಸಿಲಿಕಾದ ರ‍್ಯಾಮಿಂಗ್ ಮಾಸ್. ಕರಗಿದ ಜಿರ್ಕೋನಿಯಂ ಆ ಸಿಲಿಕಾದಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಲೈನಿಂಗ್ ಹಾಳು, ಲೋಹವೂ ಹಾಳು. ಗಾಳಿಯ ಆಮ್ಲಜನಕವನ್ನೂ ಬಿಡುವುದಿಲ್ಲ. ಲಕ್ಷ ಪರಮಾಣುಗಳಲ್ಲಿ ಕೆಲವು ನೂರು ಆಮ್ಲಜನಕ ಸೇರಿದರೆ ಸಾಕು, ಅದನ್ನೇ ಬೀಜವಾಗಿ ಹಿಡಿದು ಹರಳು ಬೆಳೆಯತೊಡಗುತ್ತದೆ. ಮೊದಲು ಸಾಕಾಗುತ್ತಿದ್ದ ವೇಗ ಆಮೇಲೆ ಸಾಲುವುದಿಲ್ಲ. ಅದಕ್ಕೇ ಈ ಕೆಲಸ ನಡೆಯುವುದು ನಿರ್ವಾತದಲ್ಲಿ ಇಲ್ಲವೇ ಆರ್ಗಾನ್‌ನಲ್ಲಿ, ಅತಿ ಶುದ್ಧ ಕಚ್ಚಾಮಾಲಿನಿಂದ. ಜಿರ್ಕೋನಿಯಂ ಪುಡಿ, ಸಣ್ಣ ಚಿಪ್ಪುಗಳಿಗೆ ಬೆಂಕಿ ಹತ್ತುವ ಸ್ವಭಾವ ಬೇರೆ ಇದೆ. ಬೆರಿಲಿಯಂ ಇರುವ ಲೋಹವನ್ನಂತೂ ತೆರೆದ ಭಟ್ಟಿಯ ಹತ್ತಿರಕ್ಕೂ ತರಬೇಡಿ. ಅದರ ಹೊಗೆ, ಧೂಳು ಶ್ವಾಸಕೋಶಕ್ಕೆ ಹೋದರೆ ಗುಣವಾಗದ ಕಾಯಿಲೆ ತರುತ್ತದೆ. ಈ ಮಾತಿನಲ್ಲಿ ರಿಯಾಯಿತಿಯೇ ಇಲ್ಲ.

ಕಬ್ಬಿಣದ್ದೇ ದಪ್ಪ ಗಾಜು ಇಲ್ಲವೇ? ಇದೆ. 2004ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಕಬ್ಬಿಣದ ಮೂಲದ ಗಾಜಿನ 12 ಮಿ.ಮೀ. ದಿಂಡು ಹೊಯ್ದರು. ಗಡಸು ಭರ್ಜರಿ. ಆದರೆ ಈ ಜಾತಿಯ ಲೋಹಗಳು ಪೆಟ್ಟು ತಾಳುವುದಿಲ್ಲ, ಚೂರಾಗುತ್ತವೆ.

ಇಲ್ಲಿಂದ ಗಟ್ಟಿತನದ ಮಾತಿಗೆ ಬರೋಣ. ಮಗ ಹೇಳಿದ್ದು ಸುಳ್ಳಲ್ಲ. ವಿಟ್ರೆಲಾಯ್ ಸುಮಾರು 1900 ಮೆಗಾಪಾಸ್ಕಲ್‌ವರೆಗೆ ಮಣಿಯುವುದಿಲ್ಲ; ಸಾಮಾನ್ಯ ಮೈಲ್ಡ್ ಸ್ಟೀಲ್ 250ಕ್ಕೇ ಮಣಿಯುತ್ತದೆ. ಹರಳಿನ ಲೋಹದಲ್ಲಿ ಸಾಲುಗಳ ನಡುವೆ ದೋಷಗಳಿರುತ್ತವೆ. ಲೋಹ ಬಾಗುವುದು ಆ ದೋಷಗಳು ಜಾರುವುದರಿಂದ. ಗಾಜಿನಲ್ಲಿ ಸಾಲೇ ಇಲ್ಲದ ಮೇಲೆ ಜಾರುವ ದೋಷ ಎಲ್ಲಿಂದ ಬರಬೇಕು? ಜೊತೆಗೆ ಶೇ. 2ರವರೆಗೆ ಎಳೆದು ಬಿಟ್ಟರೂ ಸ್ಪ್ರಿಂಗಿನ ಹಾಗೆ ಮೊದಲಿನ ಅಳತೆಗೆ ಮರಳುತ್ತದೆ. ಸ್ಟೀಲುಗಳಲ್ಲಿ ಇದು ಸಾಮಾನ್ಯವಾಗಿ ಶೇ. 1 ಕೂಡ ಇರುವುದಿಲ್ಲ.

ಆದರೆ ನಿಮ್ಮ ಎಸ್‌ಜಿ ಐರನ್‌ನ ಗ್ರೇಡ್ ಹೇಗೆ ಬರೆಯುತ್ತೀರಿ? 500/7. ಅಂದರೆ 500 ಮೆಗಾಪಾಸ್ಕಲ್ ಎಳೆತ ತಾಳುತ್ತದೆ, ಮುರಿಯುವ ಮುಂಚೆ ಶೇ. 7 ಉದ್ದವಾಗುತ್ತದೆ. ಅದೇ ರೀತಿ ಬರೆದರೆ ಲೋಹದ ಗಾಜು 1900/0. ಆ ಸೊನ್ನೆಯೇ ಕತೆ. ಒತ್ತಡ ಮಿತಿ ಮುಟ್ಟಿದ ಕ್ಷಣ, ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪದ ಒಂದೇ ಒಂದು ಪದರ ಮೆತ್ತಗಾಗಿ ಜಾರುತ್ತದೆ. ಇದಕ್ಕೆ ಶಿಯರ್ ಬ್ಯಾಂಡ್ ಎನ್ನುತ್ತಾರೆ. ಸ್ಟೀಲಿನಲ್ಲಿ ಜಾರಿದ ಜಾಗ ವರ್ಕ್ ಹಾರ್ಡನ್ ಆಗಿ ಬಲಿಯುತ್ತದೆ, ಭಾರ ಪಕ್ಕದ ಜಾಗಕ್ಕೆ ಹಂಚಿಹೋಗುತ್ತದೆ. ಗಾಜಿನಲ್ಲಿ ಜಾರಿದ ಜಾಗ ಇನ್ನಷ್ಟು ದುರ್ಬಲವಾಗುತ್ತದೆ. ಹಾಗಾಗಿ ಎಳೆತದಲ್ಲಿ ಮುನ್ಸೂಚನೆಯಿಲ್ಲದೆ ಠಕ್ಕನೆ ಮುರಿತ. ಹೈಡ್ರಾಲಿಕ್ ವಾಲ್ವ್ ಬಾಡಿಗೆ ಒತ್ತಡದ ಏಟು ಬೀಳುತ್ತಲೇ ಇರುತ್ತದೆ; ಮುರಿಯುವ ಮುಂಚೆ ಸ್ವಲ್ಪ ಬಾಗಿ, ಸೋರಿ, ಎಚ್ಚರಿಸುವ ಲೋಹವೇ ಅಲ್ಲಿ ಬೇಕು. ಹೀಗಾಗಿ ಯಾರಾದರೂ ಪುಕ್ಕಟೆ ಕೊಟ್ಟರೂ ವಾಲ್ವ್ ಬಾಡಿಗೆ ನಾನು ಇದನ್ನು ಹಾಕುವುದಿಲ್ಲ. (ಈ ಮುರಿತದ ವಿಷಯದಲ್ಲಿ ನಮ್ಮವರ ಕೆಲಸ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಇದ್ದ ಉಪದ್ರಷ್ಟ ರಾಮಮೂರ್ತಿ ಅವರು ಲೋಹದ ಗಾಜು ಹೇಗೆ ಬಾಗುತ್ತದೆ, ಹೇಗೆ ಮುರಿಯುತ್ತದೆ ಎಂಬುದರಲ್ಲಿ ಜಗತ್ತೇ ಉಲ್ಲೇಖಿಸುವ ಹೆಸರು. ಮಗನಿಗೆ ಆಸಕ್ತಿ ಇದ್ದರೆ ಅವರ ಲೇಖನಗಳಿಂದ ಶುರುಮಾಡಲಿ.)

ಹಾಗಾದರೆ ಹೊಯ್ದ ಲೋಹದ ಗಾಜು ಎಲ್ಲಿಗೆ ಹೋಯಿತು? ಸಣ್ಣ, ದುಬಾರಿ ವಸ್ತುಗಳಿಗೆ. ಗಾಲ್ಫ್ ಕೋಲಿನ ತಲೆ, ಕೈಗಡಿಯಾರದ ಬೆಜೆಲ್, ಐಫೋನಿನ ಸಿಮ್ ಟ್ರೇ ತೆಗೆಯುವ ಪಿನ್ನು, ಮಡಚುವ ಕೆಲವು ಫೋನುಗಳ ಹಿಂಜು. ಫೌಂಡ್ರಿಯವರಿಗೆ ಹೊಟ್ಟೆಕಿಚ್ಚಾಗುವ ಒಂದು ಗುಣ ಇಲ್ಲಿ ಕೆಲಸ ಮಾಡುತ್ತದೆ: ಹರಳಾಗದ ಕಾರಣ ಗಟ್ಟಿಯಾಗುವಾಗ ಗಾತ್ರ ಒಮ್ಮೆಲೇ ಕುಗ್ಗುವುದಿಲ್ಲ. ಕುಗ್ಗುವಿಕೆ ಒಟ್ಟಾರೆ ಶೇ. 1ಕ್ಕಿಂತ ಕಡಿಮೆ. ರೈಸರ್‌ನಿಂದ ಲೋಹ ಉಣಿಸುವ ತಾಪತ್ರಯವಿಲ್ಲ, ಶ್ರಿಂಕೇಜ್ ತೂತಿಲ್ಲ, ಅಚ್ಚಿನ ಗೀರು ಕೂಡ ಪಡಿಯಚ್ಚಾಗಿ ಮೂಡುತ್ತದೆ. ಮತ್ತೆ ಕಾಯಿಸಿದರೆ ಕರಗುವುದಕ್ಕೆ ಬಹಳ ಮುಂಚೆಯೇ ಮೆತ್ತಗಾಗಿ, ಪ್ಲಾಸ್ಟಿಕ್‌ನಂತೆ ಒತ್ತಿ ರೂಪ ಕೊಡಬಹುದು. ವಿಟ್ರೆಲಾಯ್‌ಗೆ ಇದು 350 ಡಿಗ್ರಿ ದಾಟಿದ ಮೇಲೆ, ಹರಳಾಗಲು ಶುರುವಾಗುವ ಮುಂಚೆ ಸಿಗುವ ಸಣ್ಣ ಅವಕಾಶ. ನಾಸಾದ ಜೆನೆಸಿಸ್ ನೌಕೆ 2001ರಲ್ಲಿ ಹೊರಟಾಗ ಸೌರಗಾಳಿಯ ಕಣ ಹಿಡಿಯುವ ಫಲಕಗಳಲ್ಲಿ ಒಂದು ಲೋಹದ ಗಾಜಿನದಿತ್ತು. ನಾಸಾದ್ದೇ ಪ್ರಯೋಗಾಲಯವಾದ ಜೆಪಿಎಲ್‌ನವರು ಚಂದ್ರ, ಮಂಗಳದ ಚಳಿಯಲ್ಲಿ ಗ್ರೀಸ್ ಇಲ್ಲದೆ ತಿರುಗಬಲ್ಲ ಗೇರುಗಳನ್ನು ಇದರಲ್ಲಿ ಮಾಡಿ ಪರೀಕ್ಷಿಸುತ್ತಿದ್ದಾರೆ. ಚಳಿಗೆ ಗ್ರೀಸ್ ಗಟ್ಟಿಯಾಗುತ್ತದೆ, ಅದನ್ನು ಬಿಸಿ ಮಾಡಲು ರೋವರ್‌ನ ಬ್ಯಾಟರಿಯೇ ಖರ್ಚಾಗುತ್ತದೆ. ಅಲ್ಲಿ ಕಿಲೋಗೆ ಎಷ್ಟು ರೂಪಾಯಿ ಎಂದು ಯಾರೂ ಕೇಳುವುದಿಲ್ಲ, ಉದ್ಯಮಬಾಗದಲ್ಲಿ ಮೊದಲ ಪ್ರಶ್ನೆಯೇ ಅದು.

ಟನ್‌ಗಟ್ಟಲೆ ತಯಾರಾಗಿ ಟನ್‌ಗಟ್ಟಲೆ ಮಾರಾಟವಾಗುವ ಲೋಹದ ಗಾಜು ಮುಖ್ಯವಾಗಿ ಒಂದೇ: ಕಬ್ಬಿಣ, ಸಿಲಿಕಾನ್, ಬೋರಾನ್‌ಗಳ ಪಟ್ಟಿ. ನೂರರಲ್ಲಿ ಸುಮಾರು 80 ಪರಮಾಣು ಕಬ್ಬಿಣವೇ. 1970ರ ದಶಕದಲ್ಲಿ ಅಮೆರಿಕದ ಅಲೈಡ್ ಕೆಮಿಕಲ್ ಕಂಪನಿ ಇಂಥ ಪಟ್ಟಿಗಳನ್ನು ಮೆಟ್‌ಗ್ಲಾಸ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ತಯಾರಿಸುವ ಬಗೆ ನೋಡುವಂಥದ್ದು. ಒಳಗಿನಿಂದ ನೀರು ಹರಿಸಿ ತಂಪಾಗಿಟ್ಟ ತಾಮ್ರ ಮಿಶ್ರಲೋಹದ ದೊಡ್ಡ ಚಕ್ರ. ಅದರ ಅಂಚು ಸೆಕೆಂಡಿಗೆ 25 ಮೀಟರ್ ಆಸುಪಾಸಿನಲ್ಲಿ, ಅಂದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕೆ ಮಿಲಿಮೀಟರ್‌ಗಿಂತ ಕಡಿಮೆ ಅಂತರದಲ್ಲಿ ಸೀಳು ಬಾಯಿಯ ನಾಜಲ್. ಕರಗಿದ ಲೋಹ ಚಕ್ರಕ್ಕೆ ತಾಗುತ್ತಲೇ 25 ಮೈಕ್ರಾನ್ ದಪ್ಪದ, ಅಂಗೈಗಿಂತ ಅಗಲದ ಪಟ್ಟಿಯಾಗಿ ಆಚೆ ಹಾರಿ ಸುರುಳಿಗೆ ಸೇರುತ್ತದೆ. ಇಂಗಾಟ್ ಇಲ್ಲ, ರೋಲಿಂಗ್ ಇಲ್ಲ, ದ್ರವದಿಂದ ನೇರ ಪಟ್ಟಿ. ಕೈಗೆ ತೆಗೆದುಕೊಂಡರೆ ಗಾಳಿಗೆ ಒಡ್ಡಿದ್ದ ಮೈ ಕನ್ನಡಿಯಂತೆ, ಚಕ್ರಕ್ಕೆ ತಾಗಿದ್ದ ಮೈ ಮಬ್ಬು. ಮಡಚಿದರೆ ಪಟ್ಟನೆ ಚಿಮ್ಮಿ ನೆಟ್ಟಗಾಗುತ್ತದೆ. ಕತ್ತರಿಯಲ್ಲಿ ಕತ್ತರಿಸಬಹುದು, ಆದರೆ ಕತ್ತರಿಯ ಹರಿತ ಬೇಗ ಹೋಗುತ್ತದೆ.

ಇದೇ ನಿಮ್ಮ ಗುತ್ತಿಗೆದಾರ ಹೇಳಿದ ಅಮಾರ್ಫಸ್ ಕೋರ್.

ಟ್ರಾನ್ಸ್‌ಫಾರ್ಮರಿನ ಕೋರ್‌ನಲ್ಲಿ ಕಾಂತದ ದಿಕ್ಕು ಸೆಕೆಂಡಿಗೆ ನೂರು ಸಲ ತಿರುಗುಮುರುಗಾಗುತ್ತದೆ. ತಿರುಗುವಾಗ ಎರಡು ಬಗೆಯ ನಷ್ಟ. ಒಂದು, ಕಾಂತ ವಲಯಗಳ ಗಡಿ ಸರಿಯುವಾಗ ಗ್ರೇನ್ ಗಡಿಗಳಿಗೆ, ದೋಷಗಳಿಗೆ ತೊಡರಿಕೊಂಡು ಆಗುವ ಹಿಸ್ಟರಿಸಿಸ್ ನಷ್ಟ. ಗ್ರೇನ್ ಗಡಿಯೇ ಇಲ್ಲದಲ್ಲಿ ತೊಡರುವುದು ಬಲು ಕಡಿಮೆ. ಇನ್ನೊಂದು, ಕೋರ್‌ನೊಳಗೇ ಸುತ್ತುವ ಎಡ್ಡಿ ಕರೆಂಟಿನ ನಷ್ಟ. ಅದನ್ನು ತಡೆಯಲು ತಗಡು ತೆಳ್ಳಗಿರಬೇಕು, ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡಬೇಕು. ಮಾಮೂಲಿ ಸಿಆರ್‌ಜಿಒ ತಗಡು (ಹರಳುಗಳನ್ನು ಒಂದೇ ದಿಕ್ಕಿಗೆ ಕೂರಿಸಿದ ಸಿಲಿಕಾನ್ ಸ್ಟೀಲು) 0.23ರಿಂದ 0.30 ಮಿ.ಮೀ.; ನಮ್ಮ ಪಟ್ಟಿ ಅದರ ಹತ್ತನೇ ಒಂದು ಭಾಗ, ತಡೆಯೂ ಎರಡೂವರೆ ಪಟ್ಟಿಗಿಂತ ಹೆಚ್ಚು. ಫೌಂಡ್ರಿಯವನಿಗೆ ಶಾಪವಾಗಿದ್ದ ತೆಳುವು ಇಲ್ಲಿ ವರ. ಎರಡೂ ಸೇರಿ ನೋ-ಲೋಡ್ ನಷ್ಟ ಶೇ. 70ರಷ್ಟು ಇಳಿಯುತ್ತದೆ.

ನೋ-ಲೋಡ್ ನಷ್ಟ ಎಂದರೆ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟು ಇದ್ದಷ್ಟು ಹೊತ್ತೂ, ನೀವು ಒಂದು ಬಲ್ಬು ಹಚ್ಚದಿದ್ದರೂ, ತಿನ್ನುತ್ತಲೇ ಇರುವ ನಷ್ಟ. ಲೆಕ್ಕಕ್ಕೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ನೋ-ಲೋಡ್ ನಷ್ಟ 100 ವ್ಯಾಟ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 8760 ತಾಸು, ಅಂದರೆ 876 ಯೂನಿಟ್. ಅದರಲ್ಲಿ ಶೇ. 70 ಉಳಿದರೆ 613 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 4,300 ರೂಪಾಯಿಯ ಆಸುಪಾಸು, ಒಂದು ಸಣ್ಣ ಡಬ್ಬಿಯಿಂದ. ದೊಡ್ಡದಾದಷ್ಟೂ ಉಳಿತಾಯ ದೊಡ್ಡದು.

ಆದರೆ ಈ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ, ಮಾರುವವರು ಹೇಳದ ಮಾತು ಇಲ್ಲಿದೆ. ನಮ್ಮ ಕಡೆ ನೀರಾವರಿ ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ತಾಸಿನ ಲೆಕ್ಕ. ಲೈನಿನಲ್ಲಿ ಕರೆಂಟೇ ಇಲ್ಲದಾಗ ನಷ್ಟವೂ ಇಲ್ಲ, ಉಳಿತಾಯವೂ ಇಲ್ಲ. ಏಳೇ ತಾಸು ಎಂದಾದರೆ ಮೇಲಿನ 613 ಯೂನಿಟ್ 179ಕ್ಕೆ ಇಳಿಯುತ್ತದೆ. ಊರೊಳಗಿನ, ದಿನವಿಡೀ ಕರೆಂಟಿರುವ, ರಾತ್ರಿ ಲೋಡ್ ಕಡಿಮೆಯಾಗುವ ಟ್ರಾನ್ಸ್‌ಫಾರ್ಮರಿಗೇ ಅಮಾರ್ಫಸ್ ಹೇಳಿ ಮಾಡಿಸಿದ್ದು. ಅದನ್ನು ಗೋಕಾಕ್, ಅಥಣಿಯ ಹೊಲದ ಕಂಬಕ್ಕೆ ಹಾಕಿ ಬೆಳಗಾವಿ ಪೇಟೆಯ ಡಬ್ಬಿಯನ್ನು ಹಳೆಯದೇ ಬಿಟ್ಟರೆ ಲಾಭ ತಲೆಕೆಳಗು.

ನಿಮ್ಮ ವಿಷಯ. ಟ್ರಾನ್ಸ್‌ಫಾರ್ಮರ್ ನಿಮ್ಮದೇ, ಅಂದರೆ ಎಚ್‌ಟಿ ಸಂಪರ್ಕ. ಮೀಟರು 11 ಕೆವಿ ಕಡೆ ಇದ್ದರೆ ಟ್ರಾನ್ಸ್‌ಫಾರ್ಮರ್ ತಿಂದದ್ದೆಲ್ಲ ನಿಮ್ಮ ಬಿಲ್ಲಿಗೇ ಬರುತ್ತದೆ. ಅದು ರಾತ್ರಿ, ಭಾನುವಾರ, ಹಬ್ಬ ಯಾವುದನ್ನೂ ನೋಡುವುದಿಲ್ಲ. ಮಶೀನ್ ಶಾಪ್, ಮೋಲ್ಡಿಂಗ್, ಲೈಟು, ಕಂಪ್ರೆಸರ್ ನಡೆಸುವ ಟ್ರಾನ್ಸ್‌ಫಾರ್ಮರ್ ಒಂದು ಪಾಳಿ ದುಡಿದು ಹದಿನಾರು ತಾಸು ಸುಮ್ಮನಿದ್ದರೆ ಅಮಾರ್ಫಸ್ ತಗೊಳ್ಳಿ, ಅನುಮಾನ ಬೇಡ. ಭಟ್ಟಿಗೆಂದೇ ಇರುವ ಕನ್ವರ್ಟರ್ ಟ್ರಾನ್ಸ್‌ಫಾರ್ಮರ್ ಬೇರೆ ಜಾತಿ. ಅದು ದುಡಿಯುವಾಗ ಪೂರಾ ಲೋಡ್‌ನಲ್ಲಿ ದುಡಿಯುತ್ತದೆ. ಅಲ್ಲಿ ದೊಡ್ಡ ನಷ್ಟ ವೈಂಡಿಂಗಿನ ತಾಮ್ರದ್ದು, ಅದು ಲೋಡಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೋರ್ ಬದಲಿಸಿದರೆ ಅದು ಇಳಿಯುವುದಿಲ್ಲ. ಅಲ್ಲಿ ಹಾರ್ಮೋನಿಕ್ಸ್ (ಕರೆಂಟಿನ ಅಲೆ ಕೆಡಿಸುವ ಹೆಚ್ಚಿನ ಆವರ್ತನಗಳು) ಗಮನಿಸಿ ವಿನ್ಯಾಸ ಮಾಡಿದ್ದನ್ನೇ ಹಾಕಿ.

ಕೊಳ್ಳುವಾಗ ನಾಲ್ಕು ಮಾತು ನೆನಪಿರಲಿ. ಅಮಾರ್ಫಸ್ ಪಟ್ಟಿಯಲ್ಲಿ ಕಾಂತ 1.56 ಟೆಸ್ಲಾಕ್ಕೇ ತುಂಬಿಹೋಗುತ್ತದೆ, ಸಿಆರ್‌ಜಿಒ 2ರ ಹತ್ತಿರದವರೆಗೆ ಹೋಗುತ್ತದೆ. ಅದಕ್ಕೇ ಅದೇ ಕೆವಿಎಗೆ ಕೋರ್ ದಪ್ಪ, ಡಬ್ಬಿ ದೊಡ್ಡದು, ತೂಕ ಜಾಸ್ತಿ. ಹಳೆಯ ಕಟ್ಟೆಯ ಅಳತೆ ತೆಗೆದುಕೊಂಡೇ ಆರ್ಡರ್ ಕೊಡಿ. ಗುಂಯ್‌ಗುಡುವ ಸದ್ದು ಸ್ವಲ್ಪ ಹೆಚ್ಚಿರಬಹುದು; ಈ ಲೋಹ ಕಾಂತದ ಜೊತೆಗೆ ಹಿಗ್ಗಿ ಕುಗ್ಗುವುದು ಜಾಸ್ತಿ, ಆಫೀಸಿನ ಗೋಡೆಗೆ ತಾಗಿಸಿ ಇಡಬೇಡಿ. ಮೂರನೆಯದು ದುರಸ್ತಿ. ಕೋರ್ ಸುತ್ತಿದ ಮೇಲೆ ಒಳಒತ್ತಡ ತೆಗೆಯಲು ಅದನ್ನು ಕಾಂತಕ್ಷೇತ್ರದಲ್ಲಿಟ್ಟು ಅನೀಲ್ ಮಾಡುತ್ತಾರೆ, ಅಂದರೆ ಹದವಾಗಿ ಕಾಯಿಸಿ ಆರಿಸುತ್ತಾರೆ. ಆಮೇಲೆ ಆ ಚಿಮ್ಮುವ ಪಟ್ಟಿ ಹಪ್ಪಳವಾಗುತ್ತದೆ, ಮುಟ್ಟಿದರೆ ಸಿಬಿರು ಏಳುತ್ತದೆ. ಸಿಆರ್‌ಜಿಒ ತಗಡನ್ನು ಬಿಚ್ಚಿ ಜೋಡಿಸಿ ರೂಢಿಯಿರುವ ರಿವೈಂಡಿಂಗ್ ಮಿಸ್ತ್ರಿ ಅದೇ ಧಾಟಿಯಲ್ಲಿ ಇದಕ್ಕೆ ಕೈಹಾಕಿದರೆ ಚೂರುಗಳು ಎಣ್ಣೆಗೆ ಬೀಳುತ್ತವೆ, ನಷ್ಟವೂ ಏರುತ್ತದೆ. ಅಮಾರ್ಫಸ್ ಬಿಚ್ಚಿ ಗೊತ್ತಿರುವವರು ಯಾರಿದ್ದಾರೆ ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ. ಕೊನೆಯದಾಗಿ, ಟ್ರಾನ್ಸ್‌ಫಾರ್ಮರಿನ ಭಾರತೀಯ ಮಾನಕ ಐಎಸ್ 1180ರ ಪ್ರಕಾರ ಪರೀಕ್ಷಾ ವರದಿ ಕೇಳಿ. ಶೇ. 50 ಮತ್ತು ಶೇ. 100 ಲೋಡ್‌ನ ಒಟ್ಟು ನಷ್ಟ ಮಾತ್ರ ನೋಡಿ ಸುಮ್ಮನಾಗಬೇಡಿ. ನೋ-ಲೋಡ್ ನಷ್ಟ ಪ್ರತ್ಯೇಕವಾಗಿ ಬರೆದಿರಲಿ. ನೀವು ಹೆಚ್ಚಿನ ದುಡ್ಡು ಕೊಡುತ್ತಿರುವುದು ಆ ಒಂದು ಅಂಕಿಗೇ.

ಪಟ್ಟಿಯ ಬಳಗ ಇಷ್ಟಕ್ಕೇ ಮುಗಿಯುವುದಿಲ್ಲ. 1988ರಲ್ಲಿ ಜಪಾನಿನ ಹಿಟಾಚಿ ಮೆಟಲ್ಸ್‌ನವರು ಇದಕ್ಕೆ ಚೂರು ತಾಮ್ರ, ನಿಯೋಬಿಯಂ ಸೇರಿಸಿ 550 ಡಿಗ್ರಿ ಹತ್ತಿರ ಕಾಯಿಸಿದರು. ಬೇಕೆಂದೇ ಹರಳಾಗಿಸಿದರು, ಆದರೆ ಹತ್ತು ನ್ಯಾನೋಮೀಟರಿನಷ್ಟು ಸಣ್ಣ ಹರಳು. ಫೈನ್‌ಮೆಟ್ ಎಂಬ ಈ ನ್ಯಾನೋಹರಳಿನ ಪಟ್ಟಿ ಹೆಚ್ಚು ಆವರ್ತನದಲ್ಲಿ ಸಿಲಿಕಾನ್ ಸ್ಟೀಲನ್ನು ಬಹಳ ಹಿಂದೆ ಹಾಕುತ್ತದೆ. ನಿಮ್ಮಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡುವ ಇನ್ವರ್ಟರ್ ವೆಲ್ಡಿಂಗ್ ಸೆಟ್ ಇದ್ದರೆ ಅದರೊಳಗಿನ ಕೋರ್ ಫೆರೈಟ್‌ನದು, ಇಲ್ಲವೇ ಇದರದು. ಮನೆಯ ಆರ್‌ಸಿಸಿಬಿಯಲ್ಲಿ (ಶಾಕ್ ತಡೆಯುವ ಸ್ವಿಚ್ಚು) ಮಿಲಿಆಂಪಿಯರ್ ಸೋರಿಕೆ ಹಿಡಿಯುವ ಉಂಗುರಕ್ಕೂ ಇದನ್ನು ಬಳಸುತ್ತಾರೆ. ಮಾಲ್‌ಗಳಲ್ಲಿ ಸಾಮಾನಿಗೆ ಅಂಟಿಸುವ ಬಿಳಿ ಕಳ್ಳತಡೆ ಪಟ್ಟಿಯನ್ನು ಬ್ಲೇಡಿನಿಂದ ಬಿಡಿಸಿ ನೋಡಿ. ಒಳಗೆ ಸಡಿಲವಾಗಿ ಅಲುಗಾಡುವ ಹೊಳೆಯುವ ತುಣುಕು ಅಮಾರ್ಫಸ್ ಲೋಹ. ಬಾಗಿಲಿನ ಕಂಬಗಳು 58 ಕಿಲೋಹರ್ಟ್ಜ್‌ನಲ್ಲಿ ತಟ್ಟಿದಾಗ ಅದು ಅನುರಣಿಸುತ್ತದೆ, ಕಂಬ ಆ ದನಿ ಹಿಡಿಯುತ್ತದೆ.

ಇನ್ನೊಂದು, ಕಾಂತಕ್ಕೆ ಸಂಬಂಧವಿಲ್ಲದ್ದು: ಬ್ರೇಜಿಂಗ್ ಹಾಳೆ. ಸ್ಟೇನ್‌ಲೆಸ್ ಸ್ಟೀಲ್ ಭಾಗಗಳನ್ನು ಬೆಸೆಯುವ ನಿಕ್ಕಲ್-ಬೋರಾನ್-ಸಿಲಿಕಾನ್ ಲೋಹ ಹರಳಾಗಿದ್ದರೆ ಎಷ್ಟು ಪೆಡಸು ಎಂದರೆ ರೋಲ್ ಮಾಡಿ ಹಾಳೆ ತೆಗೆಯಲಾಗದು. ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯಬೇಕು. ಅದನ್ನೇ ಚಕ್ರದ ಮೇಲೆ ಗಾಜಾಗಿಸಿದರೆ ಬಾಗುವ ಹಾಳೆ ಸಿಗುತ್ತದೆ, ಬೇಕಾದ ಆಕಾರಕ್ಕೆ ಕತ್ತರಿಸಿ ಜೋಡಿನ ನಡುವೆ ಇಟ್ಟು ನಿರ್ವಾತ ಭಟ್ಟಿಗೆ ತಳ್ಳಿದರಾಯಿತು. ಕರಗಿದ ಮೇಲೆ ಗಾಜುತನ ಹೋಗುತ್ತದೆ, ಹೋಗಲಿ. ಅಷ್ಟು ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ.

ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ರಿಪೇರಿ ಕೆಲಸ ಹಿಡಿಯುವವರು ಲೇಪನದ ಬಗ್ಗೆ ಕೇಳುವುದುಂಟು, ಅದಕ್ಕೂ ಎರಡು ಮಾತು. ಕಬ್ಬಿಣ-ಕ್ರೋಮಿಯಂ-ಮಾಲಿಬ್ಡಿನಂ-ಬೋರಾನ್ ಜಾತಿಯ ಪುಡಿ ಅಥವಾ ತಂತಿಯನ್ನು ಎಚ್‌ವಿಒಎಫ್ (ಅತಿವೇಗದ ಜ್ವಾಲೆಯ ಸ್ಪ್ರೇ) ಇಲ್ಲವೇ ಆರ್ಕ್ ಸ್ಪ್ರೇಯಿಂದ ಹೊಡೆದರೆ ಒಂದೊಂದು ಹನಿಯೂ ಮೇಲ್ಮೈಗೆ ತಾಗಿದ ಕೂಡಲೇ ಆರಿ ಬಹುಪಾಲು ಗಾಜಾಗುತ್ತದೆ. ಗಡಸು 900 ವಿಕರ್ಸ್ ದಾಟುತ್ತದೆ, ತುಕ್ಕಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಕಬ್ಬು ಅರೆಯುವ ರೋಲರ್‌ಗೆ ಇದು ಬೇಡ. ಅಲ್ಲಿ ಕಬ್ಬನ್ನು ಕಚ್ಚಿ ಎಳೆಯಲು ಒರಟು ಮೈ ಬೇಕು, ಈಗ ಹಾಕುವ ಕ್ರೋಮಿಯಂ ಕಾರ್ಬೈಡ್ ವೆಲ್ಡಿಂಗ್ ಚುಕ್ಕೆಗಳೇ ಸರಿ. ಪಂಪಿನ ಶಾಫ್ಟ್ ಸ್ಲೀವ್, ಬಗಾಸ್ ಬಾಯ್ಲರಿನ ಬೂದಿ ಉಜ್ಜಿ ಸವೆಸುವ ಐಡಿ ಫ್ಯಾನ್ (ಹೊಗೆ ಎಳೆಯುವ ಫ್ಯಾನ್) ರೆಕ್ಕೆ, ಇವು ಪ್ರಯೋಗಕ್ಕೆ ಯೋಗ್ಯ ಜಾಗಗಳು. ಒಂದು ರೆಕ್ಕೆಗೆ ಹೊಡೆಸಿ ಒಂದು ಹಂಗಾಮು ಓಡಿಸಿ ನೋಡಿ, ಆಮೇಲೆ ಉಳಿದವು. ಆದರೆ ರೆಕ್ಕೆಯ ತೂಕ ಬದಲಾದರೆ ಬ್ಯಾಲೆನ್ಸಿಂಗ್ ಮಾಡಿಸದೆ ಫ್ಯಾನ್ ಚಾಲೂ ಮಾಡಬೇಡಿ. 600 ಡಿಗ್ರಿಯ ಆಸುಪಾಸಿಗೆ ಹೋಗುವ ಜಾಗದಲ್ಲೂ ಇದನ್ನು ಹಾಕಬೇಡಿ, ಅಲ್ಲಿ ಗಾಜು ಹರಳಾಗಿಬಿಡುತ್ತದೆ.

ಮಗನ ಪ್ರಾಜೆಕ್ಟಿಗೆ ಭಟ್ಟಿ ಬೇಡ, ಅನೀಲ್ ಆಗದ ಹೊಸ ಅಮಾರ್ಫಸ್ ಪಟ್ಟಿ ಒಂದೆರಡು ಮೀಟರ್ ಸಾಕು. ನಾಲ್ಕು ತುಂಡು ಮಾಡಲಿ. ಒಂದನ್ನು ಹಾಗೆಯೇ ಇಟ್ಟು, ಉಳಿದವನ್ನು ಕಾಲೇಜಿನ ಮಫಲ್ ಫರ್ನೇಸಿನಲ್ಲಿ 350, 450, 550 ಡಿಗ್ರಿಗೆ ಅರ್ಧರ್ಧ ತಾಸು ಇಟ್ಟು ತೆಗೆಯಲಿ. ಈ ಪಟ್ಟಿ ಹರಳಾಗುವುದು 500 ಡಿಗ್ರಿ ದಾಟಿದ ಮೇಲೆ. ಆದರೆ ಪೆಡಸುತನ ಅದಕ್ಕೂ ಮುಂಚೆಯೇ ಬಂದಿರುತ್ತದೆ. ವರ್ನಿಯರ್ ಕ್ಯಾಲಿಪರ್‌ನ ದವಡೆಗಳ ನಡುವೆ ಪಟ್ಟಿಯನ್ನು ‘ಯು’ ಆಕಾರಕ್ಕೆ ಬಾಗಿಸಿ, ದವಡೆ ಹತ್ತಿರ ತರುತ್ತಾ ಎಷ್ಟು ಅಂತರಕ್ಕೆ ಮುರಿಯಿತು ಎಂದು ಬರೆದುಕೊಂಡರೆ ಯಾವ ಉಷ್ಣತೆಯಲ್ಲಿ ಎಷ್ಟು ಪೆಡಸಾಯಿತು ಎಂಬ ಗ್ರಾಫ್ ಸಿಗುತ್ತದೆ. ಎಕ್ಸ್‌ರೇ ಡಿಫ್ರಾಕ್ಷನ್ ಮಾಡಿಸುವ ಅನುಕೂಲವಿದ್ದರೆ ಹಸಿ ಪಟ್ಟಿಗೂ 550ರ ಪಟ್ಟಿಗೂ ಮಾಡಿಸಲಿ: ಮೊದಲನೆಯದರಲ್ಲಿ ಒಂದು ಅಗಲವಾದ ಗುಡ್ಡ, ಎರಡನೆಯದರಲ್ಲಿ ಚೂಪು ಚೂಪು ಶಿಖರಗಳು. ಬಾಗಿಸುವಾಗ ಕನ್ನಡಕ, ಕೈಗವಸು ಹಾಕಿಕೊಳ್ಳಲಿ. ಈ ಪಟ್ಟಿಯ ಅಂಚು ಬ್ಲೇಡಿನಷ್ಟೇ ಹರಿತ, ಮುರಿದ ಚೂರು ಕಣ್ಣಿನ ಮಟ್ಟಕ್ಕೇ ಸಿಡಿಯುತ್ತದೆ.